ಹಬೆ ಇಳಿಯುವ ತನಕ

ಜನವರಿ 11

ಅಣ್ಣನಿಗೆ,

ನಾವೆಲ್ಲ ಕ್ಷೇಮ ಎಂದು ಬರೆಯಲು ಹೊರಟೆ. ಅಮ್ಮ ಹೋದ ಮೇಲೆ ‘ನಾವೆಲ್ಲ’ ಎಂದರೆ ನಾನೊಬ್ಬಳೇ. ಆದ್ದರಿಂದ ನಾನು ಕ್ಷೇಮ.

ವಕೀಲರು ಸಿಕ್ಕಿದ್ದರು. ನಿನ್ನ ಮೇಲ್ಮನವಿ ಆಗಸ್ಟಿನಲ್ಲಿ ವಿಚಾರಣೆಗೆ ಬರುತ್ತದಂತೆ. ಬಾಯ್ಲರ್ ಸಿಡಿದಾಗ, ಹೆಚ್ಚಾದ ಹಬೆ ಹೊರಬಿಡುವ ಸೇಫ್ಟಿ ವಾಲ್ವು ತುಕ್ಕು ಹಿಡಿದು ಕಚ್ಚಿಕೊಂಡಿತ್ತು, ಅದಕ್ಕೆ ಆಪರೇಟರು ಹೊಣೆಯಲ್ಲ ಎನ್ನುವ ವಾದ ಗಟ್ಟಿಯಾಗಿದೆ ಎಂದರು. ಗೆದ್ದರೆ ಆರು ವರ್ಷದ ಶಿಕ್ಷೆಯಲ್ಲಿ ಉಳಿದ ಎರಡೂವರೆ ವರ್ಷ ನೀನು ಜೈಲಿನಲ್ಲಿ ಕಳೆಯಬೇಕಾಗಿಲ್ಲ. ಹೆಚ್ಚು ಆಸೆ ಇಟ್ಟುಕೊಳ್ಳಬೇಡ, ಆದರೆ ಸ್ವಲ್ಪ ಇಟ್ಟುಕೋ.

ಈಗ ನನ್ನ ಸುದ್ದಿ. ನಮ್ಮ ಬೀದಿಯ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಶನಿವಾರ ಮಧ್ಯಾಹ್ನ ಜೀವಶಾಸ್ತ್ರದ ತರಗತಿ ನಡೆಸಬೇಕೆಂದಿದ್ದೇನೆ. ಕೂತು ಕೇಳುವ ಪಾಠವಲ್ಲ, ಕೈಯಾರೆ ಮಾಡಿ ನೋಡುವುದು. ಹದಿನೆಂಟು ವರ್ಷ ನೀರು ಪರೀಕ್ಷೆಯ ಲ್ಯಾಬಿನಲ್ಲಿ ಕೂತು ‘ಕುಡಿಯಲು ಯೋಗ್ಯ’, ‘ಯೋಗ್ಯವಲ್ಲ’ ಎಂದು ಚೀಟಿ ಬರೆದುಕೊಟ್ಟೆ. ಚೀಟಿ ಹಿಡಿದು ಹೋದವರಲ್ಲಿ ಒಬ್ಬರೂ ತಮ್ಮ ನೀರಿನೊಳಗೆ ಏನಿತ್ತೆಂದು ಕಣ್ಣಾರೆ ಕಂಡವರಲ್ಲ. ಕಾಣಲಿ ಎಂದು ನನ್ನ ಆಸೆ. ಗ್ರಂಥಪಾಲಕಿಗೆ ಹೇಳಿದಾಗ, “ಕೋಣೆ ಕೊಡ್ತೀನಿ, ನನ್ನ ಪುಸ್ತಕಕ್ಕೆ ಬೂಸ್ಟು ಹತ್ತಿಸ್ಬೇಡಿ” ಎಂದರು.

ಜೂನಿನಲ್ಲಿ ಶುರು. ಹನ್ನೆರಡು ಜನ ಹೆಸರು ಕೊಟ್ಟಿದ್ದಾರೆ. ಲ್ಯಾಬಿನವರು ಬಿಟ್ಟ ಹಳೆಯ ಸೂಕ್ಷ್ಮದರ್ಶಕ ಒಂದಿದೆ, ಉಳಿದ ಉಪಕರಣಗಳನ್ನೆಲ್ಲ ನಾವೇ ಮಾಡಿಕೊಳ್ಳಬೇಕು. ಸಣ್ಣ ಕೊಳವೆಗಳನ್ನು ಗಿರಗಿರ ತಿರುಗಿಸಿ, ಭಾರವಾದದ್ದನ್ನು ತಳಕ್ಕೆ ಕೂರಿಸುವ ಯಂತ್ರ ಒಂದು. ಸೂಕ್ಷ್ಮಜೀವಿ ಬೆಳೆಸಲು ಮೈಬಿಸಿಯಷ್ಟೇ ಬೆಚ್ಚಗಿರುವ ಪೆಟ್ಟಿಗೆ ಒಂದು. ಆಮೇಲೆ ಗಾಜಿನ ಬಾಟಲಿಗಳನ್ನು ಹಬೆಯಲ್ಲಿಟ್ಟು ಅವುಗಳಲ್ಲಿರುವ ಎಲ್ಲ ಜೀವವನ್ನೂ ಕೊಲ್ಲುವ ಏರ್ಪಾಡು. ಅದಕ್ಕೆ ಪ್ರೆಶರ್ ಕುಕ್ಕರ್ ಸಾಕು ಎನ್ನುತ್ತಾರೆ. ಲ್ಯಾಬಿನಲ್ಲಿ ಗುಂಡಿ ಒತ್ತಿದರೆ ಯಂತ್ರವೇ ಎಲ್ಲ ನೋಡಿಕೊಳ್ಳುತ್ತದೆ, ಹಾಗಾಗಿ ಹಬೆಯ ಒಳಗುಟ್ಟು ನನಗೆ ತಿಳಿಯದು. ಹಬೆಯ ಜೊತೆ ಇಪ್ಪತ್ತು ವರ್ಷ ಸಂಸಾರ ಮಾಡಿದವನು ನೀನು. ನಿನ್ನ ಕೈಯಂತೂ ಇಲ್ಲಿಲ್ಲ, ತಲೆಯನ್ನಾದರೂ ಅಂಚೆಯಲ್ಲಿ ಕಳಿಸು.

ಈ ಪತ್ರವನ್ನು ಮೊದಲು ಓದುವ ಜೈಲಿನ ಅಧಿಕಾರಿಗಳಿಗೆ: ಸರ್, ನಾವು ಕೊಲ್ಲುವುದು ಸೂಕ್ಷ್ಮಜೀವಿಗಳನ್ನು ಮಾತ್ರ.

ನಿನ್ನ ತಂಗಿ

*

ಜನವರಿ 29

ತಂಗಿಗೆ,

ನಿನ್ನ ಪತ್ರ ಓದಿ ಅಧಿಕಾರಿಗಳು ನಕ್ಕರಂತೆ. ಕೊಡುವಾಗ ಮಾತ್ರ ಮುಖ ಗಂಟು ಹಾಕಿಕೊಂಡೇ ಕೊಟ್ಟರು.

ಪೆಟ್ಟಿಗೆ ಸುಲಭ. ದಪ್ಪ ಥರ್ಮೋಕೋಲ್ ಪೆಟ್ಟಿಗೆ ತಗೋ, ಒಳಗೊಂದು ಸಣ್ಣ ಬಲ್ಬು, ಒಂದು ಥರ್ಮಾಮೀಟರು. ಬಿಸಿ ಹೆಚ್ಚಾದರೆ ತಾನೇ ಆರುವ ಸ್ವಿಚ್ಚು ಹಳೆಯ ಇಸ್ತ್ರಿ ಪೆಟ್ಟಿಗೆಗಳಲ್ಲಿ ಇರುತ್ತದೆ, ಆದರೆ ಇಷ್ಟು ಕಡಿಮೆ ಬಿಸಿಗೆ ಅದು ಬಗ್ಗುವುದಿಲ್ಲ. ಕೋಳಿಮರಿ ಮಾಡಿಸುವವರ ಹತ್ತಿರ ಕೇಳು, ಅವರ ಸ್ವಿಚ್ಚು ಸರಿಹೋಗುತ್ತದೆ.

ತಿರುಗುವ ಯಂತ್ರಕ್ಕೆ ಹಳೆಯ ಮಿಕ್ಸಿಯ ಮೋಟರು ಹಿಡಿ. ತರಕಾರಿ ಹೆಚ್ಚುವ ದಪ್ಪ ಪ್ಲಾಸ್ಟಿಕ್ ಹಲಗೆಯನ್ನು ದುಂಡಗೆ ಕತ್ತರಿಸಿ ತಟ್ಟೆ ಮಾಡಿಕೋ. ಅಂಚಿನಲ್ಲಿ ಆರು ತೂತು, ಎದುರುಬದುರು. ಒಂದರಲ್ಲಿ ಕೊಳವೆ ಇಟ್ಟರೆ ಎದುರಿನದರಲ್ಲಿ ಅಷ್ಟೇ ತೂಕದ್ದು ಇರಲೇಬೇಕು. ಓಡಿಸುವಾಗ ಮೇಲೊಂದು ದಪ್ಪ ಪಾತ್ರೆ ಬೋರಲು ಹಾಕು. ಅಳತೆಗಳನ್ನೆಲ್ಲ ಎರಡನೇ ಹಾಳೆಯಲ್ಲಿ ಚಿತ್ರ ಬರೆದು ತೋರಿಸಿದ್ದೇನೆ.

ಕುಕ್ಕರ್ ಬೇಡ. ಬೇರೆ ದಾರಿ ನೋಡು.

ಅಣ್ಣ

*

ಫೆಬ್ರವರಿ 16

ಅಣ್ಣನಿಗೆ,

ಎರಡನೇ ಹಾಳೆ ಬರಲಿಲ್ಲ. ಅದರ ಬದಲು ‘ಯಂತ್ರದ ನಕ್ಷೆ, ಅನುಮತಿ ಇಲ್ಲ’ ಎಂಬ ಮೊಹರು ಒತ್ತಿದ ಚೀಟಿ ಇತ್ತು. ತರಕಾರಿ ಹಲಗೆಯಿಂದ ಜೈಲು ಒಡೆದವರು ಯಾರಾದರೂ ಇದ್ದಾರೇನೋ.

ಅಂದಾಜಿನ ಮೇಲೆ ನಾನೇ ಕತ್ತರಿಸಿದೆ. ಓಡಿಸಿದ ಕೂಡಲೇ ಇಡೀ ಯಂತ್ರ ಮೇಜಿನ ಮೇಲೆ ನಡೆದುಕೊಂಡು ಹೋಗಿ ಗೋಡೆಗೆ ಗುದ್ದಿತು. ಕೊಳವೆ ಹಾರಿ ನಿಘಂಟುಗಳ ಕಪಾಟಿನ ಕೆಳಗೆ ಸೇರಿಕೊಂಡಿತು. ಗ್ರಂಥಪಾಲಕಿ ಬಾಗಿಲಲ್ಲಿ ನಿಂತು, “ಜೀವಶಾಸ್ತ್ರ ಅಂದ್ರಿ, ಜೀವಾನೇ ತೆಗೀತೀರಲ್ಲ” ಎಂದರು.

ತಟ್ಟೆಯ ತೂಕ ಎಲ್ಲ ಕಡೆ ಒಂದೇ ಸಮ ಆಗಬೇಕು. ನಮ್ಮ ಸುತ್ತಮುತ್ತ ಆ ಕೆಲಸ ಗೊತ್ತಿರುವವರು ಒಬ್ಬರೇ. ಮೂರೂವರೆ ವರ್ಷದಿಂದ ನಾನು ಆ ರಸ್ತೆಯಲ್ಲಿ ಓಡಾಡುವುದನ್ನೇ ಬಿಟ್ಟಿದ್ದೆ. ನೀನು ಊಹಿಸಿರಬಹುದು: ಬಾಯ್ಲರ್ ಸಿಡಿದು ತೀರಿಕೊಂಡ ನಿಮ್ಮ ಲಾಂಡ್ರಿಯ ಇಸ್ತ್ರಿ ಅಕ್ಕನ ಗಂಡ, ಸೈಕಲ್ ರಿಪೇರಿಯವರು.

ಹೋದೆ. ಅಂಗಡಿಯಲ್ಲಿ ಚಕ್ರಗಳು ಗಳುವಿಗೆ ತೂಗುಬಿದ್ದಿದ್ದವು. ಅವರು ತಲೆಯೆತ್ತಿ ನೋಡಿ, “ಬಾಯ್ಲರ್ ಅವರ ತಂಗಿ ಅಲ್ವಾ” ಎಂದರು. ಹೌದೆಂದೆ. ಸ್ಟೂಲು ತಳ್ಳಿದರು. ತಟ್ಟೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ, “ಇದನ್ಯಾರು ಕತ್ತರ್ಸಿದ್ದು?” ಎಂದು ಕೇಳಿದರು. ನಾನೇ ಎಂದೆ. “ಗೊತ್ತಾಗತ್ತೆ” ಎಂದರು.

ಹೊರಡುವಾಗ ಅವರೇ ಕರೆದರು. “ನಿಮ್ಮಣ್ಣನ್ನ ಒಂದು ಮಾತು ಕೇಳಿ ಹೇಳ್ತೀರಾ? ಬೇರೇನೂ ಬೇಡ. ಅವ್ಳು ಅಲ್ಲಿಗೆ ಯಾಕೆ ಹೋದ್ಲು? ಅವಳ ಕೆಲಸ ಇಸ್ತ್ರಿ ರೋಲರ್ ಹತ್ರ. ಬಾಯ್ಲರ್ ಕೋಣೆಯಲ್ಲಿ ಅವಳಿಗೇನಿತ್ತು?”

‘ಅನುಮತಿಯಿಲ್ಲದೆ ಒಳಹೊಕ್ಕಿದ್ದರು’ ಎಂದು ತನಿಖೆಯ ವರದಿಯಲ್ಲಿ ಬರೆದಿದ್ದಾರಲ್ಲ, ಆ ಸಾಲು ಅವರಿಗೆ ಬಾಯಿಪಾಠ ಬರುತ್ತದೆ. ನಮ್ಮ ವಕೀಲರು ಕೋರ್ಟಿನಲ್ಲಿ ‘ಆಕೆಯೇ ಏನಾದರೂ ತಿರುವಿರಬಹುದು’ ಎಂದದ್ದೂ ಅವರಿಗೆ ನೆನಪಿದೆ. ಜನ ಈಗಲೂ ಹಾಗೆಯೇ ಆಡಿಕೊಳ್ಳುತ್ತಾರಂತೆ.

ಕೇಳಿ ಹೇಳುತ್ತೇನೆ ಎಂದು ಬಂದೆ. ಕೇಳುತ್ತಿದ್ದೇನೆ.

ಮತ್ತೆ, ಕುಕ್ಕರ್ ಇಲ್ಲದೆ ಆಗುವುದಿಲ್ಲ. ಬರೀ ಕುದಿಸಿದರೆ ಸಾಯದ ಜೀವಿಗಳಿವೆ. ಬಾಟಲಿಯಲ್ಲಿ ಮೊದಲೇ ಏನೋ ಇದ್ದರೆ ಆಮೇಲೆ ಬೆಳೆದದ್ದು ಯಾರದ್ದೆಂದು ಹೇಗೆ ಹೇಳಲಿ?

ತಂಗಿ

*

ಮಾರ್ಚ್ 3

ತಂಗಿಗೆ,

ತಟ್ಟೆಯನ್ನು ಅವರ ಕೈಗೆ ಕೊಟ್ಟದ್ದು ಒಳ್ಳೆಯದಾಯಿತು. ಅಂಥ ಕೈ ಆ ಊರಲ್ಲಿ ಇನ್ನೊಂದಿಲ್ಲ. ಮೋಟರಿನ ಕೆಳಗೆ ಹಳೆಯ ಟ್ಯೂಬಿನ ರಬ್ಬರು ಹಾಸು, ನಡೆಯುವುದು ನಿಲ್ಲುತ್ತದೆ.

ಅವರ ಪ್ರಶ್ನೆಗೆ ಕೋರ್ಟಿನಲ್ಲಿ ಹೇಳಿದ್ದೇ ಉತ್ತರ. ಆಕೆ ಯಾಕೆ ಬಂದರೋ ನನಗೆ ಗೊತ್ತಿಲ್ಲ.

ಇಲ್ಲಿ ಬಡಗಿ ಶಾಲೆಯಲ್ಲಿ ಕೊಳವೆ ನಿಲ್ಲಿಸುವ ಮರದ ಸ್ಟ್ಯಾಂಡು ಮಾಡುತ್ತಿದ್ದೇನೆ. ಅದಕ್ಕೆ ಅನುಮತಿ ಸಿಕ್ಕಿದೆ.

ಅಣ್ಣ

*

ಮಾರ್ಚ್ 24

ಅಣ್ಣನಿಗೆ,

ಸ್ಟ್ಯಾಂಡು ಬಂತು. ಹನ್ನೆರಡು ತೂತೂ ಒಂದೇ ಅಳತೆ. ಗ್ರಂಥಪಾಲಕಿ ಅದರಲ್ಲಿ ಪೆನ್ನು ಇಟ್ಟುಕೊಳ್ಳಲು ನೋಡಿದರು, ಕಸಿದುಕೊಂಡೆ.

ತಟ್ಟೆಯೂ ಸಿದ್ಧ. ಸೈಕಲ್ಲಿನವರು ಅದನ್ನು ಚಕ್ರದ ಅಚ್ಚಿಗೆ ಸಿಕ್ಕಿಸಿ, ಮೆಲ್ಲಗೆ ತಿರುಗಿಸಿ ಕೈಬಿಡುತ್ತಾರೆ. ಭಾರದ ಕಡೆ ತಾನಾಗಿ ಕೆಳಗೆ ಬಂದು ನಿಲ್ಲುತ್ತದೆ. ಅಲ್ಲಿ ಸೀಸದಕಡ್ಡಿಯಿಂದ ಗುರುತು ಮಾಡಿ, ಅರದಿಂದ ಸ್ವಲ್ಪ ಉಜ್ಜಿ, ಮತ್ತೆ ತಿರುಗಿಸುತ್ತಾರೆ. ಎಲ್ಲೆಂದರಲ್ಲಿ ನಿಲ್ಲುವವರೆಗೂ ಅದೇ ಕೆಲಸ. ಎರಡು ತಾಸು ಹಿಡಿಯಿತು. ನಿನ್ನ ಉತ್ತರ ಹೇಳಿದೆ. “ಹೂಂ” ಎಂದು ಮತ್ತೆ ಅರ ಹಿಡಿದರು.

ಕುಕ್ಕರನ್ನೂ ತಂದೆ. ಹೋಟೆಲಿನವರು ಬಳಸಿ ಬಿಟ್ಟ ದೊಡ್ಡ ಕುಕ್ಕರ್, ಒಮ್ಮೆಗೆ ಹನ್ನೊಂದು ಬಾಟಲಿ ಹಿಡಿಯುತ್ತದೆ. ನೀನು ಬೇಡ ಎಂದರೂ ಬೇರೆ ದಾರಿಯಿಲ್ಲ. ಒಂದೇ ತೊಂದರೆ: ಮೇಲಿನ ವೆಯ್ಟು ಹಳೆಯದಾಗಿ ಸಡಿಲವಾಗಿದೆ, ನಿಲ್ಲಲಾರದೆ ಮತ್ತೆ ಮತ್ತೆ ಕೂಗುತ್ತದೆ. ಹದಿನೈದು ನಿಮಿಷ ಒಂದೇ ಸಮ ಒತ್ತಡ ಬೇಕು, ಇದು ಐದನೇ ನಿಮಿಷಕ್ಕೇ ಹಬೆ ಬಿಟ್ಟುಬಿಡುತ್ತದೆ. ಅದಕ್ಕೆ ಒಂದು ಉಪಾಯ ಮಾಡಿದೆ. ವೆಯ್ಟಿಗೆ ತಾಮ್ರದ ತಂತಿ ಸುತ್ತಿ, ಅದರ ಮೇಲೊಂದು ಕಬ್ಬಿಣದ ನಟ್ಟು ಕಟ್ಟಿದೆ. ಈಗ ಜಪ್ಪಯ್ಯ ಎಂದರೂ ಏಳುವುದಿಲ್ಲ. ಎರಡು ಸಲ ಮಾಡಿ ನೋಡಿದೆ, ಬಾಟಲಿಗಳಲ್ಲಿ ಏನೂ ಬೆಳೆಯಲಿಲ್ಲ. ಬಾಯ್ಲರಿನವನ ತಂಗಿ ಎಂದು ನಾನೇ ಬೆನ್ನು ತಟ್ಟಿಕೊಂಡೆ.

ತಂಗಿ

*

ಏಪ್ರಿಲ್ 2

ಆ ನಟ್ಟು ಇವತ್ತೇ ತೆಗೆ. ಈ ಚೀಟಿ ಓದಿದ ಕೂಡಲೇ. ಹೊಸ ವೆಯ್ಟು, ಹೊಸ ಗ್ಯಾಸ್ಕೆಟ್, ಹೊಸ ಸೇಫ್ಟಿ ವಾಲ್ವು ಹಾಕಿಸುವ ತನಕ ಒಲೆ ಹಚ್ಚಬೇಡ. ಯಾರನ್ನೂ ಹತ್ತಿರ ಬಿಡಬೇಡ. ಫೋನು ಮಾಡಲು ಕೇಳಿಕೊಂಡೆ, ಈ ತಿಂಗಳ ಸರದಿ ಮುಗಿದಿದೆ ಎಂದರು. ಈ ಚೀಟಿಯನ್ನಾದರೂ ಇವತ್ತಿನ ಅಂಚೆಗೇ ಹಾಕುತ್ತೇವೆಂದು ಅಧಿಕಾರಿಗಳು ಒಪ್ಪಿದ್ದಾರೆ.

ಅಣ್ಣ

*

ಏಪ್ರಿಲ್ 5

ತಂಗಿಗೆ,

ಮೊದಲು ಕುಕ್ಕರಿನ ವಿಷಯ. ಬಾಟಲಿಗಳ ಮುಚ್ಚಳ ಬಿಗಿಯಬೇಡ, ಸಡಿಲವಾಗಿ ಕೂರಿಸು. ತಳದಲ್ಲಿ ಮೂರು ಬೆರಳು ನೀರು ಇರಲಿ. ವೆಯ್ಟು ಹಾಕದೆ ಒಲೆ ಹಚ್ಚು. ಒಳಗಿನ ಗಾಳಿಯೆಲ್ಲ ಹೋಗಿ ಹಬೆ ಒಂದೇ ಧಾರೆಯಾಗಿ ಬಂದ ಮೇಲೆ ವೆಯ್ಟು ಹಾಕು. ಕೂಗಿದ ಮೇಲೆ ಉರಿ ತಗ್ಗಿಸಿ, ಅಲ್ಲಿಂದ ಇಪ್ಪತ್ತು ನಿಮಿಷ ಎಣಿಸು. ನಡುವೆ ಕೂಗಿದರೆ ಕೂಗಲಿ, ಕೂಗುವುದೇ ಅದರ ಕೆಲಸ. ಆರಿಸಿದ ಮೇಲೆ ನೀರು ಸುರಿಯಬೇಡ, ವೆಯ್ಟು ಎತ್ತಬೇಡ. ಹಬೆ ತಾನಾಗಿ ಇಳಿಯುವ ತನಕ ಪಕ್ಕದಲ್ಲಿ ಕೂತಿರು. ಎದ್ದು ಹೋಗಬೇಡ.

ಈಗ ಸೈಕಲ್ಲಿನವರ ಪ್ರಶ್ನೆ.

ವಾಲ್ವು ಕಚ್ಚಿಕೊಂಡಿರಲಿಲ್ಲ. ಅದಕ್ಕೆ ತುಕ್ಕೂ ಹಿಡಿದಿರಲಿಲ್ಲ. ಸ್ಪ್ರಿಂಗು ಸೋತು ಅದು ಬೇಗ ಎದ್ದು ಹಬೆ ಬಿಡುತ್ತಿತ್ತು. ಎದ್ದಾಗಲೆಲ್ಲ ಒತ್ತಡ ಬಿದ್ದು ಇಸ್ತ್ರಿ ರೋಲರುಗಳು ತಣ್ಣಗಾಗುತ್ತಿದ್ದವು, ಆಸ್ಪತ್ರೆಯಿಂದ ಒಗೆಯಲು ಬಂದ ಹಾಸಿಗೆ ಬಟ್ಟೆಗಳ ರಾಶಿ ಬೆಳೆಯುತ್ತಿತ್ತು. ಹೊಸ ಸ್ಪ್ರಿಂಗು ಬೇಕೆಂದು ಬರೆದುಕೊಟ್ಟೆ. ಬರುವ ತನಕ ಇರಲಿ ಎಂದು ಬೆಲ್ಟು ಓಡುವ ಒಂದು ಹಳೆಯ ಕಬ್ಬಿಣದ ಪುಲ್ಲಿಯನ್ನು, ಏಳದಂತೆ ಭಾರಕ್ಕೆಂದು, ವಾಲ್ವಿನ ಸನ್ನೆಗೆ ತಂತಿಯಿಂದ ಕಟ್ಟಿದೆ. ನೀನು ನಟ್ಟು ಕಟ್ಟಿದ ಹಾಗೆಯೇ. ಯಾರೂ ಕಟ್ಟು ಎಂದು ಹೇಳಿರಲಿಲ್ಲ. ಒಂಬತ್ತು ದಿನ ಅದು ಹಾಗೆಯೇ ಇತ್ತು. ಏನೂ ಆಗಲಿಲ್ಲ. ನಾನೂ ಬೆನ್ನು ತಟ್ಟಿಕೊಂಡೆ.

ಹತ್ತನೇ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನಾನು ಹಿಂದಿನ ಗೇಟಿನ ಹತ್ತಿರ ಟೀ ಕುಡಿಯುತ್ತಿದ್ದೆ. ಇಸ್ತ್ರಿ ಅಕ್ಕ ಬಾಗಿಲಿಗೆ ಬಂದು, “ಬಟ್ಟೆ ಕೆಂಪಗಾಗ್ತಿದೆ, ಹಬೆ ಜಾಸ್ತಿ ಆಗಿದೆ, ಬಂದು ನೋಡಪ್ಪ” ಎಂದರು. ಲೋಟ ಇನ್ನೂ ಅರ್ಧ ಇತ್ತು. “ಬಾಯ್ಲರ್ ಮೀಟರಿನ ಮುಳ್ಳು ಎಷ್ಟು ತೋರಿಸ್ತಿದೆ ಒಂಚೂರು ನೋಡಕ್ಕ, ಬಂದೆ” ಎಂದೆ. ಅವರು ಒಳಗೆ ಹೋದರು. ನಾನು ಲೋಟ ಕೆಳಗಿಟ್ಟು ಹತ್ತು ಹೆಜ್ಜೆ ಹಾಕಿರಬಹುದು, ಬಾಯ್ಲರ್ ಸಿಡಿಯಿತು.

ಆಕೆ ಅಲ್ಲಿಗೆ ಹೋದದ್ದು ನಾನು ಕಳಿಸಿದ್ದಕ್ಕೆ. ಏನನ್ನೂ ತಿರುವಲಿಲ್ಲ, ತಿರುವುವಷ್ಟು ಹೊತ್ತೂ ಇರಲಿಲ್ಲ. ಏನೋ ಸರಿಯಿಲ್ಲ ಎಂದು ಆ ದಿನ ಕಂಡುಕೊಂಡವರು ಅವರೊಬ್ಬರೇ.

ಪುಲ್ಲಿ ಅಂಗಳದಲ್ಲಿ ಬಿದ್ದಿತ್ತು. ಜನ ಸೇರುವ ಮೊದಲೇ ಅದನ್ನೆತ್ತಿ ಮೋರಿಗೆ ಹಾಕಿದೆ. ಸುಳ್ಳು ಹೇಳಿದ್ದು ಭಯಕ್ಕೆ. ಇದಕ್ಕಿಂತ ಒಳ್ಳೆಯ ಕಾರಣ ಇದ್ದೀತೇ ಎಂದು ಹುಡುಕಿ ನೋಡಿದೆ, ಸಿಗಲಿಲ್ಲ. ವಕೀಲರು ತಪ್ಪನ್ನು ಆಕೆಯ ಮೇಲೆ ಹಾಕಿದಾಗ ಕಟಕಟೆಯಲ್ಲಿ ಸುಮ್ಮನೆ ನಿಂತಿದ್ದೆ.

ಈ ಪತ್ರವನ್ನು ಅಧಿಕಾರಿಗಳು ಓದುತ್ತಾರೆಂದು ತಿಳಿದೇ ಬರೆದಿದ್ದೇನೆ. ಸೈಕಲ್ಲಿನವರಿಗೆ ಇದನ್ನು ತೋರಿಸು.

ಅಣ್ಣ

*

ಮೇ 20

ಅಣ್ಣನಿಗೆ,

ಆರು ವಾರ ಬರೆಯಲಿಲ್ಲ. ಬರೆಯಲು ಕೂತರೆ ಕೈ ಬರುತ್ತಿರಲಿಲ್ಲ.

ನಾನು ಕೋರ್ಟಿನಲ್ಲಿ ಏನು ಹೇಳಿದ್ದೆ ನೆನಪಿದೆಯೇ? ‘ನನ್ನಣ್ಣ ಮನೆಯ ನಲ್ಲಿ ಸೋರಿದರೂ ರಿಪೇರಿ ಮಾಡದೆ ಮಲಗುವವನಲ್ಲ’ ಎಂದಿದ್ದೆ. ಜನ ನಕ್ಕಿದ್ದರು. ಅಮ್ಮ ಸಾಯುವಾಗಲೂ ‘ಅವನದೇನೂ ತಪ್ಪಿಲ್ಲ’ ಎಂದೇ ಹೋದಳು. ಅಮ್ಮನಿಗಾದರೂ ಹೇಳಬಹುದಿತ್ತು ನೀನು. ಇದಕ್ಕಿಂತ ಹೆಚ್ಚು ಬೈಯಲು ಬರುವುದಿಲ್ಲ. ನಿನ್ನ ಚೀಟಿ ಬಂದ ಬೆಳಿಗ್ಗೆಯೂ ನನ್ನ ಕುಕ್ಕರಿನ ಮೇಲೆ ನಟ್ಟು ಕೂತಿತ್ತು. ಬಿಚ್ಚಿ ತೆಗೆದೆ. ಕೋಣೆ ತುಂಬ ಜನ ಇದ್ದಿದ್ದರೆ ಎಂದುಕೊಂಡು ಅಲ್ಲೇ ನೆಲದ ಮೇಲೆ ಕೂತೆ.

ನಿನ್ನ ಪತ್ರವನ್ನು ಹತ್ತು ದಿನ ಚೀಲದಲ್ಲೇ ಇಟ್ಟುಕೊಂಡು ತಿರುಗಿದೆ. ತೋರಿಸಿದರೆ ಮೇಲ್ಮನವಿ ಮುಗಿಯಿತು, ಗೊತ್ತಿತ್ತು. ನಾನೂ ಆ ಹತ್ತು ದಿನ ನಿನ್ನಂತೆಯೇ ಸುಮ್ಮನಿದ್ದೆ ಎಂದಾಯಿತು. ಕೊನೆಗೆ ಸೈಕಲ್ ಅಂಗಡಿಗೆ ಹೋದೆ.

ಅವರು ಕೈ ಒರೆಸಿಕೊಂಡು ಓದಿದರು. ಮತ್ತೆ ಮೊದಲಿಂದ ಓದಿದರು. “ಟೀ ಕುಡೀತಿದ್ರಂತಾ?” ಎಂದು ಕೇಳಿದರು. ಹೌದೆಂದೆ. “ನೋಡಪ್ಪ ಅಂದ್ಲಾ? ಎಲ್ಲರ್ಗೂ ‘ಅಪ್ಪ’ ಸೇರಿಸೇ ಮಾತಾಡ್ತಿದ್ಲು” ಎಂದರು. ಆಮೇಲೆ ಅಂಗಡಿಯ ಒಳಗೆ ಹೋದರು, ಬಹಳ ಹೊತ್ತು ಬರಲಿಲ್ಲ. ಪಂಕ್ಚರ್ ಹಾಕಿಸಲು ಇಬ್ಬರು ಬಂದರು, ಅವರನ್ನು ನಾನೇ ಆಮೇಲೆ ಬನ್ನಿ ಎಂದು ಕಳಿಸಿದೆ. ಹೊರಗೆ ಬಂದವರು, “ಇದನ್ನ ನಾನಿಟ್ಕೋಬೋದಾ?” ಎಂದರು. ಕೊಟ್ಟೆ.

ವಕೀಲರು ಕೆಂಡವಾಗಿದ್ದಾರೆ. ಮೇಲ್ಮನವಿಯನ್ನು ಏನು ಮಾಡಬೇಕೆಂದು ನೀನೇ ಹೇಳಬೇಕಂತೆ.

ತರಗತಿ ಜೂನ್ ಏಳಕ್ಕೆ ಶುರು. ಕುಕ್ಕರಿಗೆ ಎಲ್ಲವನ್ನೂ ಹೊಸದು ಹಾಕಿಸಿದೆ.

ತಂಗಿ

*

ಜೂನ್ 10

ತಂಗಿಗೆ,

ಮೇಲ್ಮನವಿ ವಾಪಸು ತೆಗೆದುಕೊಳ್ಳಲು ಸಹಿ ಹಾಕಿದೆ. ಹೊಸ ಕೇಸು ಹಾಕಿದರೂ ಹಾಕಬಹುದು ಎಂದು ವಕೀಲರು ಹೆದರಿಸಿದರು. ಹಾಕಲಿ. ಆ ಪುಲ್ಲಿ ಯಾವ ಮೋರಿಯಲ್ಲಿದೆ ಎಂದು ಬರೆದುಕೊಟ್ಟಿದ್ದೇನೆ.

ಅಮ್ಮನ ವಿಷಯ ನೀನು ಬರೆದದ್ದು ಸರಿ.

ಮೊದಲನೇ ಶನಿವಾರ ಹೇಗಾಯಿತು, ಬರೆ. ಬರೆಯುವ ಮನಸ್ಸಿದ್ದರೆ.

ಅಣ್ಣ

*

ಜುಲೈ 14

ಬಾಯ್ಲರ್ ಆಪರೇಟರ್ ಅವರಿಗೆ,

ವಿಳಾಸ ನಿಮ್ಮ ತಂಗಿ ಕೊಟ್ಟರು. ನನಗೆ ಪತ್ರ ಬರೆದು ಅಭ್ಯಾಸವಿಲ್ಲ, ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಿ.

ನಿಮ್ಮ ಪತ್ರ ಹಿಡಿದು ತನಿಖೆ ಮಾಡಿದ ಕಚೇರಿಗೆ ಹೋದೆ. ‘ಅನುಮತಿಯಿಲ್ಲದೆ ಒಳಹೊಕ್ಕಿದ್ದರು’ ಎಂಬ ಸಾಲು ಹೊಡೆದುಹಾಕಿ ಎಂದು ಕೇಳಿದೆ. ಫೈಲು ಮುಚ್ಚಿದೆ, ಆಗುವುದಿಲ್ಲ ಎಂದರು. ಮಾರನೇ ವಾರ ಹೋಗಿ ಬೆಂಚಿನ ಮೇಲೆ ಕೂತೆ, ಅದರ ಮಾರನೇ ವಾರವೂ ಕೂತೆ. ಕೊನೆಗೆ ಗುಮಾಸ್ತರು ನಿಮ್ಮ ಪತ್ರದ ನಕಲು ತೆಗೆದು, ಮೊಹರು ಒತ್ತಿ, ವರದಿಯ ಹಿಂದೆ ಹೊಲಿದರು. ಆ ಸಾಲು ಹಾಗೆಯೇ ಇದೆ. ಆದರೆ ಇನ್ನು ಮೇಲೆ ಅದನ್ನು ಓದುವವರು ನಿಮ್ಮದನ್ನೂ ಓದಬೇಕು.

ನಿಮ್ಮ ತಂಗಿಯ ತರಗತಿಗೆ ನಾನೂ ಹೋಗುತ್ತಿದ್ದೇನೆ. ತಟ್ಟೆ ಓಡುವುದನ್ನು ನೋಡಲೆಂದು ಹೋದವನು ಕೂತುಬಿಟ್ಟೆ. ಎಲ್ಲರೂ ತಮ್ಮ ಮನೆಯ ನೀರು ತಂದಿದ್ದರು. ಸೂಕ್ಷ್ಮದರ್ಶಕದಡಿ ನೋಡಿದರೆ ನನ್ನ ಅಂಗಡಿಯ ಡ್ರಮ್ಮಿನ ನೀರಿನಲ್ಲಿ ಏನೇನು ಓಡಾಡುತ್ತಿತ್ತೆಂದರೆ, ಗ್ರಂಥಪಾಲಕಿ ಅಮ್ಮ ನನ್ನ ಪಕ್ಕದಿಂದ ಕುರ್ಚಿ ಸರಿಸಿಕೊಂಡರು. ಕುಕ್ಕರಿನ ಕೆಲಸ ಯಾರು ಮಾಡುತ್ತೀರಿ ಎಂದಾಗ ನಾನು ಕೈಯೆತ್ತಿದೆ. ನಿಮ್ಮ ತಂಗಿ ಬೇಡ ಎಂದರು. ನಾನೇ ಹಟ ಮಾಡಿದೆ. ನೀವು ಬರೆದಂತೆಯೇ ಮಾಡುತ್ತೇನೆ, ಆರುವ ತನಕ ಏಳುವುದಿಲ್ಲ. ಮೊದಲ ಶನಿವಾರ ಅದು ಕೂಗಿದಾಗ ಬೆವರು ಕಿತ್ತುಕೊಂಡು ಬಂತು. ಈಗ ಅಷ್ಟಿಲ್ಲ.

ಒಂದು ಮಾತು ಹೇಳಬೇಕೆಂದೇ ಬರೆಯಲು ಕೂತೆ. ನಿಮ್ಮನ್ನು ಕ್ಷಮಿಸಿದೆ ಎಂದು ಬರೆಯಲಾರೆ, ಆಗಿಲ್ಲ. ಮೂರೂವರೆ ವರ್ಷ ನಾನು ನನ್ನ ಹೆಂಡತಿಯ ಮೇಲೆ ಸಿಟ್ಟು ಇಟ್ಟುಕೊಂಡಿದ್ದೆ. ಇಲ್ಲದ ಉಸಾಬರಿ ನಿನಗ್ಯಾಕಿತ್ತು, ಯಾಕೆ ಹೋದೆ ಎಂದು ದಿನಾ ಬೈಯುತ್ತಿದ್ದೆ. ಅವಳ ಫೋಟೋ ಕೂಡ ಗೋಡೆಯಿಂದ ಇಳಿಸಿ ಟ್ರಂಕಿನಲ್ಲಿ ಹಾಕಿದ್ದೆ. ಈಗ ಆ ಸಿಟ್ಟು ನಿಮ್ಮ ಮೇಲಿದೆ. ನಿಮ್ಮ ಮೇಲಿನದನ್ನು ಎಷ್ಟು ವರ್ಷವಾದರೂ ಹೊರಬಲ್ಲೆ. ಅವಳ ಮೇಲಿನದನ್ನು ಹೊರಲು ಆಗುತ್ತಿರಲಿಲ್ಲ.

ಇಂತಿ,
ನೀವೆಲ್ಲ ಇಸ್ತ್ರಿ ಅಕ್ಕ ಎನ್ನುತ್ತಿದ್ದವಳ ಗಂಡ